ಖಾಲಿ ಪೋರ್ಟಿನ ರಗಳೆ

ಮೂಡಲಗಿಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ ತೆಗೆದುಕೊಡುತ್ತೇನೆ, ಅರ್ಜಿ ತುಂಬುತ್ತೇನೆ, ಮಸಗುಪ್ಪಿ ಕಡೆಯ ಅಜ್ಜ ಅಜ್ಜಿಯರ ಹೆಬ್ಬೆಟ್ಟು ಒತ್ತಿಸಿ ಪಿಂಚಣಿ ಕೊಡುತ್ತೇನೆ. ಹೆಬ್ಬೆಟ್ಟಿನ ಯಂತ್ರ ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟಿಗೆ ಸಿಗಿಸಿದರೆ ಮಾತ್ರ ನಡೆಯುತ್ತದೆ. ಒಂದು ದಿನ ಪರದೆಯ ಮೂಲೆಯಲ್ಲಿ ಎಚ್ಚರಿಕೆ ಬಂತು: ಪೋರ್ಟಿನಲ್ಲಿ ಕರೆಂಟು ಮಿತಿ ಮೀರಿದೆ. ಅದನ್ನು ಮುಚ್ಚಿದರೆ ಮತ್ತೆ ಬಂತು. ಹೆಬ್ಬೆಟ್ಟಿನ ಯಂತ್ರದ ದೀಪ ಆರಿತು. ಬಂದವರೆಲ್ಲ ಬೇರೆ ಸೆಂಟರಿಗೆ ಹೋದರು.

ಅಂಗಡಿಯ ಜಾಗ ನನ್ನ ಗಂಡನ ಅಣ್ಣನದು. ಭಾವ ಇಂಥದ್ದಕ್ಕೇ ಕಾದಿದ್ದರೇನೋ.

“ಬರೂ ಅಮಾಸಿ ತನಕ ನೋಡ್ತೇನವಾ. ಚಾಲೂ ಆಗ್ಲಿಲ್ಲಂದ್ರ ಕೀಲಿ ಕೊಟ್ಟ ಬಿಡು. ಮೊಬೈಲ್ ಅಂಗಡಿಯಾವ ಜಾಗ ಕೇಳಾಕತ್ತಾನ. ಹೆಣ್ಮಕ್ಕಳಿಗೆ ಯಾಕ ಬೇಕ ಈ ಉಸಾಬರಿ?”

ಮೈಯೆಲ್ಲ ಉರಿದುಹೋಯಿತು. ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕೂಡಿಸಿದವಳು ನಾನು, ಅವರ ಬೈಗುಳ ತಿಂದವಳೂ ನಾನು. ಕೀಲಿಯಂತೆ ಕೀಲಿ!

ಲ್ಯಾಪ್‌ಟಾಪನ್ನು ಗೋಕಾಕಿನ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿಯವನು ಒಂದು ಸ್ಕ್ರೂ ಕೂಡ ಬಿಚ್ಚದೆ ತೀರ್ಪು ಕೊಟ್ಟ: “ಮದರ್‌ಬೋರ್ಡ್ ಹೋಗೇತ್ರಿ ಅಕ್ಕಾರ. ಹೊಸಾದ ತಗೊಂಡ ಬಿಡ್ರಿ.”

“ತಲಿ ನೋವಂತ ಬಂದಾವರದು ತಲೀನ ತಗಸ್ತೀರೇನ್ರಿ ನೀವು?” ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು ಬಸ್ ಹತ್ತಿದೆ.

ನನ್ನ ತವರು ಹುಕ್ಕೇರಿ. ಜಿದ್ದಿಗೆ ಬಿದ್ದರೆ ಊಟ ಬಿಡುವ ಮನೆತನ. ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಕೂತೆ. ಹೆಬ್ಬೆಟ್ಟಿನ ಯಂತ್ರ ತೆಗೆದೆ, ಪ್ರಿಂಟರ್ ತೆಗೆದೆ, ಮೌಸ್ ಕೂಡ ತೆಗೆದೆ. ಡ್ರೈವರ್ ಅಳಿಸಿ ಮತ್ತೆ ಹಾಕಿದೆ. ಆದರೂ ಎಚ್ಚರಿಕೆ ಬಂದೇ ಬಂತು. ಏನೂ ಸಿಗಿಸದ ಪೋರ್ಟು ಸುಡುಗಾಡು ಯಾರಿಗೆ ಕರೆಂಟು ಕೊಡುತ್ತಿದೆ? ಹಾಗಾದರೆ ದೋಷ ಪೋರ್ಟಿನೊಳಗೇ ಇರಬೇಕು ಅನ್ನಿಸಿತು. ಲ್ಯಾಪ್‌ಟಾಪ್ ಆಫ್ ಮಾಡಿ, ಬ್ಯಾಟರಿ ತೆಗೆದು, ಮೊಬೈಲಿನ ಟಾರ್ಚ್ ಬಿಟ್ಟು ನೋಡಿದೆ. ಬಲಗಡೆಯ ಪೋರ್ಟಿನಲ್ಲಿ ಏನೋ ಮಿಣುಕಿತು. ಮೆಲ್ಲಗೆ ಎಳೆದರೆ ಬಂತು ನೋಡಿ, ಹಳೇ ರೇಷ್ಮೆ ಸೀರೆಯ ಜರಿಯ ಎಳೆ! ಜರಿಯಲ್ಲಿ ಲೋಹ ಇರುತ್ತದಲ್ಲ, ಒಳಗಿನ ಕರೆಂಟು ಹರಿಯುವ ಪಟ್ಟಿಗಳನ್ನು ಒಂದಕ್ಕೊಂದು ಕೂಡಿಸಿ ಕೂತಿತ್ತು. ಮತ್ತೆ ಚಾಲೂ ಮಾಡಿದರೆ ಎಚ್ಚರಿಕೆ ಬರಲಿಲ್ಲ, ಹೆಬ್ಬೆಟ್ಟಿನ ಯಂತ್ರದ ದೀಪ ಹತ್ತಿತು.

ಪ್ರತಿ ಅಮಾವಾಸ್ಯೆಗೆ ನಮ್ಮ ಅತ್ತೆ ಅಂಗಡಿ ಪೂಜೆ ಮಾಡುತ್ತಾರೆ. ತಕ್ಕಡಿಗೆ, ಗಿರಣಿಗೆ ಮಾಡಿದ ಹಾಗೆ ಲ್ಯಾಪ್‌ಟಾಪಿಗೂ ವಿಭೂತಿ, ಕುಂಕುಮ, ತಾವೇ ಜರಿಯಲ್ಲಿ ಕಟ್ಟಿದ ಮಾಲೆ. ಮನೆಗೆ ಹೋಗಿ ಕೇಳಿದೆ.

“ಹೋದ ಅಮಾಸಿಗೆ ಮಾಲಿ ಜಾರಾಕತ್ತಿತ್ತವಾ. ಬಾಜೂಕ ತೂತ ಇತ್ತಲ್ಲ, ಅದರಾಗ ಎಳಿ ಸಿಗಿಸಿದ್ನಿ,” ಎಂದರು. ನಾನು ಬಿದ್ದು ಬಿದ್ದು ನಕ್ಕೆ. ಅತ್ತೆ ನಗಲಿಲ್ಲ. “ನಿಮ್ಮ ಭಾವಗ ಹೇಳಬ್ಯಾಡವಾ, ಒದರ್ಯಾಡ್ತಾನ,” ಎಂದು ಕೈ ಹಿಡಿದುಕೊಂಡರು.

ಅಮಾವಾಸ್ಯೆಯ ಬೆಳಿಗ್ಗೆ ಭಾವ ಮೊಬೈಲ್ ಅಂಗಡಿಯವನನ್ನು ಕರೆದುಕೊಂಡೇ ಬಂದರು. ಜನ ಪಾಳಿ ಹಚ್ಚಿ ಹೆಬ್ಬೆಟ್ಟು ಒತ್ತುತ್ತಿದ್ದರು.

“ಇವತ್ತ ಚಾಲೂ ಆತು, ನಾಳೆ ಮತ್ತ ಕೆಡತೈತಿ. ನಿನ್ನ ಕೈಯಾಗ ಯಾವ ಮಶೀನ್ ಉಳೀತೈತಿ? ಕೀಲಿ ಕೊಡು,” ಎಂದು ಕೈ ಚಾಚಿದರು.

“ಕೊಡಂಗಿಲ್ರಿ. ಕೆಟ್ಟದ್ದು ನನ್ನ ಕೈಯಿಂದ ಅಲ್ಲ.”

“ಮತ್ತ ಯಾರ ಕೈಯಿಂದ?”

ಪೂಜೆಗೆಂದು ಬಂದು ಹಿಂದೆ ನಿಂತಿದ್ದ ಅತ್ತೆ ಪೂಜೆಯ ತಟ್ಟೆಯನ್ನು ಟೇಬಲ್ ಮೇಲೆ ಇಟ್ಟು ಮಗನ ಎದುರಿಗೆ ಬಂದರು.

“ನನ್ನ ಕೈಯಿಂದ. ಕೆಡಿಸಿದಾಕಿ ನಾ, ನೆಟ್ಟಗ ಮಾಡಿದಾಕಿ ಈಕಿ. ಈಗ ಹೇಳು, ಕೀಲಿ ಯಾರ ಕಡೆ ಇರಬೇಕು?”

ಭಾವ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಪಾಳಿಯ ಕಡೆ ತಿರುಗಿ, “ಬರ್ರಿ, ಮುಂದಿನಾವರು ಬರ್ರಿ,” ಎಂದೆ.