ಗೋದಲಿಯ ಕೂಸು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮೊದಲು ಕೇಳುತ್ತಿದ್ದುದು, ಆಗ ನಿಮ್ಮ ಜೊತೆ ಯಾರಿದ್ದರು ಎಂದು. ಒಬ್ಬರೇ ಇದ್ದರೆಂದರೆ ಮಾತು ಅಲ್ಲಿಗೆ ಮುಗಿಯಿತು. ಇತಿಹಾಸ ಓದಿದವಳು ನಾನು. ಒಂಟಿ ನೆನಪನ್ನು ನಂಬುವುದಿಲ್ಲ, ನನ್ನದನ್ನಂತೂ ಇಲ್ಲವೇ ಇಲ್ಲ. ಆದರೆ ಆ ಸಂಜೆ ನಾನು ಒಬ್ಬಳೇ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ, ಕ್ರಿಸ್‌ಮಸ್ ಹತ್ತಿರ ಬಂದಾಗ, ನನ್ನ ಸಹೋದ್ಯೋಗಿ ಲೂಸಿ ನಮ್ಮಿಬ್ಬರನ್ನು ಹುಬ್ಬಳ್ಳಿಯ ತನ್ನ ಮನೆಗೆ ಊಟಕ್ಕೆ ಕರೆದಿದ್ದಳು. ನಮ್ಮ ಮನೆಯಿರುವ ಕೆಲಗೇರಿಯಿಂದ ಬೇಗ ಹೊರಟಿದ್ದರಿಂದ ಹೊತ್ತು ಉಳಿದಿತ್ತು. ಅವಳ ಮನೆಯ ಹತ್ತಿರದ ಕ್ಯಾಥೊಲಿಕ್ ಚರ್ಚಿನ ಅಲಂಕಾರ ನೋಡೋಣವೆಂದು ನಾನೂ ನನ್ನ ಗಂಡನೂ ಒಳಗೆ ಹೋದೆವು.

ಕಂಬದಿಂದ ಕಂಬಕ್ಕೆ ಕಾಗದದ ನಕ್ಷತ್ರಗಳನ್ನು ತೂಗುಬಿಟ್ಟಿದ್ದರು. ಬಲಗಡೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ತಟ್ಟೆಗಳಲ್ಲಿ ಮೊಳೆಸಿದ ಗೋಧಿ ಸಸಿಯೇ ಅಲ್ಲಿ ಹುಲ್ಲುಗಾವಲು. ಮರಿಯಮ್ಮ, ಜೋಸೆಫ, ಕುರಿಗಳು. ನಡುವೆ ಮೇವಿನ ತೊಟ್ಟಿಯಲ್ಲಿ, ಹುಲ್ಲಿನ ಮೇಲೆ, ಬಿಳಿ ಬಟ್ಟೆ ಸುತ್ತಿದ ಕೂಸು. ಒಂದು ಕೈ ಮಾತ್ರ ಹೊರಗಿತ್ತು. ನನ್ನ ಗಂಡ ಬಗ್ಗಿ ಆ ಅಂಗೈ ಮೇಲೆ ತಮ್ಮ ತೋರುಬೆರಳಿಟ್ಟರು. ತಟ್ಟನೆ ಹಿಂದೆಗೆದುಕೊಂಡರು.

"ಬೆಚ್ಚಗೈತಲ್ಲ ಇದು!"

"ಲೈಟಿನ ಝಳ ಇರಬೇಕ್ರೀ."

"ಝಳ ಅಲ್ಲ. ಬೆರಳು ಹಿಡೀತು."

ಅವರ ಮುಖ ಬಿಳಿಚಿತ್ತು. ಇಬ್ಬರೂ ಹೊರಗೆ ಬಂದೆವು.

ಲೂಸಿಯ ಮನೆಯಲ್ಲಿ ನಾಲ್ಕಾರು ನೆಂಟರಿದ್ದರು. ನಮ್ಮ ಕರ್ಜಿಕಾಯಿಯಂಥದ್ದೇ ಒಂದು ತಿಂಡಿ ತಿನ್ನುತ್ತ ನಾನು, "ಗೋದಲಿ ಭಾಳ ಛಲೋ ಮಾಡ್ಯಾರ. ಕೂಸಂತೂ ಜೀವ ಇದ್ದಂಗ ಐತಿ" ಎಂದೆ.

ಲೂಸಿಯ ತಾಯಿ ತಲೆ ಎತ್ತಿದರು. "ಕೂಸು ಎಲ್ಲೈತ್ರೀ ಬಾಯಾರ? ಹಬ್ಬದ ರಾತ್ರಿ ಪೂಜಿ ಹೊತ್ತಿಗೆ ಫಾದರ್ ತಂದು ಇಡ್ತಾರ. ಅಲ್ಲೀತನಕ ಬರೇ ಹುಲ್ಲು."

"ಹುಟ್ಟೂದಕ್ಕಿಂತ ಮೊದಲ ನಿಮಗ ದರ್ಶನ ಕೊಟ್ಟಾನಂದ್ರ ಪುಣ್ಯವಂತ್ರು ಬಿಡ್ರಿ" ಎಂದ ಲೂಸಿಯ ಅಣ್ಣ. ಎಲ್ಲರೂ ನಕ್ಕರು. ನಾನು ಗಂಡನ ಕಡೆ ತಿರುಗಿದೆ.

"ನೀವ ಹೇಳ್ರಿ. ನೀವ ಮುಟ್ಟಿದ್ರಲ್ಲ?"

ಅವರು ವಕೀಲರು. ಕಂಡದ್ದನ್ನು ಕಂಡ ಹಾಗೆ ಹೇಳುವವರೆಂದೇ ನಾನು ಅವರನ್ನು ಮೆಚ್ಚಿ ಮದುವೆಯಾದದ್ದು. ಅವರೂ ನಗುತ್ತಿದ್ದರು.

"ನಾ ಏನೂ ಮುಟ್ಟಿಲ್ರೀ. ಖಾಲಿನ ಇತ್ತು. ಈಕಿಗೆ ಮೊದಲಿಂದ ಹಿಂಗ, ಇಲ್ಲದ್ದೆಲ್ಲ ನೆನಪಿರತೈತಿ."

ಊಟವಾದ ಮೇಲೆ ಲೂಸಿ ನನ್ನನ್ನು ಚರ್ಚಿಗೆ ಕರೆದೊಯ್ದು ತೋರಿಸಿದಳು. ತೊಟ್ಟಿಯಲ್ಲಿ ಹುಲ್ಲು ಮಾತ್ರ ಇತ್ತು. ನನ್ನ ಗಂಡ ಒಳಗೆ ಬರಲಿಲ್ಲ, ಗೇಟಿನ ಹತ್ತಿರವೇ ನಿಂತರು.

ಮನೆಗೆ ಮರಳುವಾಗ ಬಸ್ಸು ಉಣಕಲ್ ದಾಟುತ್ತಿದ್ದಂತೆ ಕೇಳಿದೆ, "ಯಾಕ ಹಂಗಂದ್ರಿ?"

"ಯಾವುದು?" ಎಂದು ಕಿಟಕಿಯ ಕಡೆ ನೋಡಿದರು. ತಮ್ಮ ಬಲಗೈಯ ತೋರುಬೆರಳನ್ನು ಎಡಗೈ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಅಥವಾ ಹಾಗೆಂದು ನನಗೆ ನೆನಪು.

ದಿನಚರಿ ಬರೆಯುವವಳಾದರೂ ಆ ದಿನದ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಕೂಸು ಇರಲಿಲ್ಲವೆನ್ನುವುದನ್ನು ನಾನು ಒಪ್ಪಿಕೊಂಡೇನು. ಕಣ್ಣು ಮೋಸ ಹೋಗುತ್ತದೆ. ಆದರೆ "ಬೆರಳು ಹಿಡೀತು" ಎಂಬ ಮಾತನ್ನು ನಾನು ಕೇಳಿದ್ದೆ. ಅದನ್ನೂ ಅಳಿಸಿಕೊಂಡರೆ ಅವರ ಬೇರೆ ಯಾವ ಮಾತನ್ನು ಕೇಳಿದ್ದೇನೆಂದು ನಂಬಲಿ? ಅಂದಿನಿಂದ ಅವರು ಏನು ಹೇಳಿದರೂ ಒಳಗೊಳಗೇ ತೂಗಿ ನೋಡುತ್ತೇನೆ. ಅವರಿಗೂ ಅದು ಗೊತ್ತು.

ಕಳೆದ ಡಿಸೆಂಬರಿನಲ್ಲಿ, ಹಬ್ಬಕ್ಕೆ ಮುಂಚೆ, ಮತ್ತೆ ಅಲ್ಲಿಗೆ ಹೋಗಿದ್ದೆವು. ನಾನು ನಕ್ಷತ್ರಗಳನ್ನು ನೋಡುತ್ತ ಹಿಂದೆ ಉಳಿದೆ. ಅವರು ಸುತ್ತ ಒಮ್ಮೆ ನೋಡಿ ಗೋದಲಿಯ ಮುಂದೆ ಬಗ್ಗಿದರು. ತೋರುಬೆರಳನ್ನು ಆ ಹುಲ್ಲಿನ ಮೇಲೆ ಚಾಚಿ ಹಾಗೇ ನಿಂತರು. ಬಹಳ ಹೊತ್ತು.

"ಏನ್ ನೋಡಾಕತ್ತೀರಿ?" ಎಂದೆ.

ಬೆಚ್ಚಿ ಕೈ ಎಳೆದುಕೊಂಡರು. "ಏನಿಲ್ಲ. ಖಾಲಿ ಐತಿ."

ಹೌದು, ಈ ಸಲ ಖಾಲಿಯೇ ಇತ್ತು.