ಕಾಲು ತಾಗಿದ ಗುಂಡು

ನಾವೀಗ ಇರುವ ಪರದೇಶದ ಊರು ಸ್ಕೋಫೀಲ್ಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಗ್ರೆಗ್‌ಗೆ ಎಪ್ಪತ್ತು ದಾಟಿದೆ. ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬುವ ಹಳೇ ಕಾಲದ ಕೋವಿ ಅಂದರೆ ಅವನಿಗೆ ಪ್ರಾಣ. ಅದರಲ್ಲಿ ಪಿಸ್ತೂಲಿನ ಸೀಸದ ಗುಂಡೂ ನೆಟ್ಟಗೆ ಹೋಗುತ್ತೆ ಅಂತ ಅವನ ಹಟ, ಅವನ ಶೂಟಿಂಗ್ ಕ್ಲಬ್ಬಿನವರಿಗೆಲ್ಲ ನಗು. ತಾನೇ ಎರಕ ಹೊಯ್ದ ಹತ್ತು ಗುಂಡು ತಗೊಂಡು ಒಂದು ಭಾನುವಾರ ನನ್ನನ್ನೂ ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋದ.

ಮೊದಲ ನಾಲ್ಕೂ ಗುರಿಯ ಹತ್ತಿರ ಸುಳಿಯಲಿಲ್ಲ. ಹಿಂದೆ ನಿಂತವರು ಕಿಸಕ್ಕೆಂದರು. ಐದನೆಯದನ್ನು ಅವನಿಗೆ ಕೊಡುವಾಗ ನನ್ನ ಕೈಜಾರಿ ಬಿದ್ದು, ನನ್ನ ಶೂಗೇ ತಾಗಿತು. ಕಾಲು ತಾಗಿತಲ್ಲ, ಕನ್ನಡಕ ಮೇಲೆ ಸರಿಸಿ ಗುಂಡನ್ನು ಎರಡೂ ಕಣ್ಣಿಗೆ ಒತ್ತಿಕೊಂಡೆ.

"ಏಯ್, ಸೀಸ ಅದು! ವಿಷ!" ಅಂತ ಕಿರುಚಿ ಗ್ರೆಗ್ ನನ್ನನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋದ. ಮುಖ ತೊಳೆಯುತ್ತಲೇ, ನಮ್ಮಲ್ಲಿ ಹೀಗೇ ಕ್ಷಮೆ ಕೇಳೋದು ಅಂದೆ.

"ಗುಂಡಿನ ಹತ್ರ ಕ್ಷಮೆನಾ?" ಅಂತ ಬೈದುಕೊಂಡೇ ಅದನ್ನು ತುಂಬಿ ಹೊಡೆದ. ಗುರಿಯ ನಟ್ಟನಡುವೆ ತೂತು! ನಕ್ಕವರೇ ಚಪ್ಪಾಳೆ ತಟ್ಟಿದರು.

ಗ್ರೆಗ್ ಗಂಭೀರವಾಗಿ ಉಳಿದ ಐದನ್ನೂ ನನ್ನ ಶೂ ಮುಂದೆ ಸಾಲಾಗಿಟ್ಟ.

"ಎಲ್ಲದಕ್ಕೂ ಕಾಲು ತಾಗಿಸು, ಮೇಟ್. ಆದ್ರೆ ಕ್ಷಮೆ ಮಾತ್ರ ದೂರದಿಂದ್ಲೇ ಕೇಳು."