ಉಡಿ ತುಂಬಿಸಿಕೊಂಡ ಡೀಸೆಲ್ ಟಾಕಿ

ಕೊಕಟನೂರಿನ ವಿರುಪಾಕ್ಷಪ್ಪನಿಗೆ ಎಡಗಡೆಯ ಹುಬ್ಬು ಅರ್ಧ ಮಾತ್ರ ಇದೆ. ಉಳಿದರ್ಧ ಎಲ್ಲಿ ಹೋಯಿತೆಂದು ಯಾರಾದರೂ ಕೇಳಿದರೆ, "ಅಂಕಲಿ ರೋಡಿನ್ಯಾಗ ಡಾಂಬರಿನ ಬುಡಕ ಐತ್ರಿ, ಅಗದರ ಸಿಗ್ತೈತಿ" ಅನ್ನುತ್ತಾನೆ. ಇಪ್ಪತ್ತರ ಹರೆಯದಲ್ಲಿ ಆ ರಸ್ತೆಗೆ ಡಾಂಬರು ಕುದಿಸುವ ಬಾಯ್ಲರಿನ ಕೆಲಸಕ್ಕಿದ್ದಾಗ, ಒಳಗಿನ ಉರಿ ಆರಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದ್ದ. ಆರಿರಲಿಲ್ಲ.

ಅದಕ್ಕೂ ಮೊದಲು ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ಎರಡು ವರ್ಷ ಸೀನುತ್ತ ಕಳೆದಿದ್ದ. ಆಮೇಲೆ ರಾಯಬಾಗದ ಕಡೆ ಕಬ್ಬಿನ ಲಾರಿಗಳಿಗೆ ಹಗ್ಗ ಬಿಗಿಯುವ ಕೆಲಸ ಹಿಡಿದ. ಅವನು ಬಿಗಿದ ಹೇರು ಅರ್ಧ ದಾರಿಗೇ ಸಡಿಲಾಗಿ ಜಳಜಳ ಉದುರುತ್ತಿತ್ತು. "ನಾ ಕಟ್ಟಿದ ಕಬ್ಬು ಫ್ಯಾಕ್ಟರಿಗಿಂತ ಹೆಚ್ಚು ಹಾದಿ ಮ್ಯಾಲಿನ ಸಾಲಿ ಹುಡುಗೂರ ಹೊಟ್ಟಿಗೆ ಹೋಗೈತಿ" ಎಂದು ಅದನ್ನೂ ಅವನೇ ಹೇಳಿಕೊಂಡು ನಗುತ್ತಾನೆ. ತನ್ನ ಬಗ್ಗೆ ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಟ್ಟರೆ ಆ ನಗು ಅಷ್ಟಾಗಿ ಚುಚ್ಚುವುದಿಲ್ಲ ಎಂಬುದನ್ನು ಅವನು ಬಹಳ ಹಿಂದೆಯೇ ಕಂಡುಕೊಂಡಿದ್ದ.

ಇಂಥವನು ನಲವತ್ತೆಂಟನೆಯ ವಯಸ್ಸಿಗೆ ಬಿಸಿಗಾಳಿ ಗಾಡಿ ಕೊಂಡ. ಸುದ್ದಿ ಕೇಳಿ ಹೆಂಡತಿ ರುಕ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಅಂದಳು: "ಇನ್ನೂ ಒಂದೂವರಿ ಹುಬ್ಬು ಉಳದಾವಲ್ಲ, ಅದನ್ನ ನೋಡಿ ತಡಕೊಳ್ಳಾಕ ಆಗವಲ್ದು ನಿಮಗ."

ಆ ಗಾಡಿ ಟ್ರ್ಯಾಕ್ಟರಿಗೆ ಸಿಕ್ಕಿಸಿ ಎಳೆಯುವಂಥದು. ಎರಡು ಗಾಲಿಯ ಟ್ರೇಲರಿನ ಮೇಲೆ ಡೀಸೆಲ್ಲಿನಿಂದ ಉರಿಯುವ ಒಂದು ಬರ್ನರ್, ಬಿಸಿಯನ್ನು ತಳ್ಳಲು ದೊಡ್ಡ ಫ್ಯಾನು, ಬರ್ನರಿಗೆ ತಾಗಿ ಹಿಂದೆ ಕೊಂಚ ಎತ್ತರದಲ್ಲಿ ಇನ್ನೂರು ಲೀಟರಿನ ಟಾಕಿ. ಅಥಣಿ, ಕಾಗವಾಡದ ದ್ರಾಕ್ಷಿ ಬೆಳೆಗಾರರು ಫೆಬ್ರವರಿ ಬಂತೆಂದರೆ ಹಣ್ಣು ಕೊಯ್ದು ಶೆಡ್ಡಿನ ಬಲೆಗಳ ಮೇಲೆ ಹಾಸುತ್ತಾರೆ. ಹದವಾದ ಬಿಸಿಲುಗಾಳಿ ಹದಿನೈದು ದಿನ ಬೀಸಿದರೆ ಹಸಿರು ಬಣ್ಣದ ಒಣದ್ರಾಕ್ಷಿ ಕೈಗೆ ಬರುತ್ತದೆ. ನಡುವೆ ಮೋಡ ಕವಿದು ತಂಪು ಹಿಡಿಯಿತೋ, ಹಣ್ಣು ಕಪ್ಪಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಆಗ ವಿರುಪಾಕ್ಷಪ್ಪನ ನೆನಪಾಗುತ್ತದೆ. ಊರೆಲ್ಲ ಮೋಡ ನೋಡಿ ನಿಟ್ಟುಸಿರು ಬಿಡುವ ಹೊತ್ತಿಗೆ ತನ್ನೊಬ್ಬನ ಫೋನು ಮಾತ್ರ ಹಬ್ಬ ಮಾಡುವುದನ್ನು ಕಂಡು ಅವನಿಗೆ ನಾಚಿಕೆಯೂ ಆಗುತ್ತಿತ್ತು, ಮೀಸೆಯಡಿ ಸಣ್ಣ ಖುಷಿಯೂ ಆಗುತ್ತಿತ್ತು.

ಗಾಡಿ ಕೊಂಡ ವರ್ಷ ಮಾರಿದವರು ಚಿಕ್ಕೋಡಿಯಲ್ಲಿ ಒಂದು ದಿನದ ತರಬೇತಿ ಕೊಟ್ಟಿದ್ದರು. ಯಂತ್ರ ನಡೆಸುವುದಕ್ಕಿಂತ ಅದನ್ನು ರಸ್ತೆಯ ಮೇಲೆ ಒಯ್ಯುವುದರಲ್ಲೇ ಅಪಾಯ ಹೆಚ್ಚು ಎಂದು ಕಲಿಸಿದವನು ಹತ್ತು ಸಲ ಹೇಳಿದ. ವಿರುಪಾಕ್ಷಪ್ಪ ಎಲ್ಲರಿಗಿಂತ ಮುಂದಿನ ಕುರ್ಚಿಯಲ್ಲಿ ಕುಳಿತು ಎಲ್ಲರಿಗಿಂತ ಹೆಚ್ಚು ತಲೆಯಾಡಿಸಿದ. ಊರಿಗೆ ಬಂದವನೇ ಪೇಂಟರನನ್ನು ಕರೆಸಿ ಟ್ರೇಲರಿನ ಬೆನ್ನಿಗೆ ಕೆಂಪು ಅಕ್ಷರದಲ್ಲಿ ಬರೆಸಿದ: ಬರ್ನರ್ ಪೂರ್ತಿ ತಣ್ಣಗಾಗದೆ ಗಾಡಿ ಎಳೆಯಬಾರದು. ಟಾಕಿಯಿಂದ ಬರ್ನರಿಗೆ ಹೋಗುವ ವಾಲ್ವ್ ಬಂದ್ ಇರಬೇಕು. ಟಾಕಿ ಕಂಠಮಟ ತುಂಬಬಾರದು, ಡೀಸೆಲ್ ಉಬ್ಬಲು ಜಾಗ ಬಿಡಬೇಕು. ಮುಚ್ಚಳ ವಾಷರ್ ಸಮೇತ ಬಿಗಿಯಾಗಿರಬೇಕು. ಹತ್ತಿರ ಬೀಡಿ ಸೇದಬಾರದು.

ಹಿಂದೆ ಬರುವವರಿಗೆಲ್ಲ ಅದು ಚೆನ್ನಾಗಿ ಕಾಣುತ್ತಿತ್ತು. ಅವನು ಮಾತ್ರ ಸದಾ ಮುಂದೆ, ಟ್ರ್ಯಾಕ್ಟರಿನ ಸೀಟಿನ ಮೇಲೆ, ಬೆನ್ನು ಮಾಡಿ ಕುಳಿತಿರುತ್ತಿದ್ದ.

ಉಡಿ ತುಂಬುವ ಪದ್ಧತಿ ಶುರುವಾದದ್ದು ಕಾಗವಾಡದ ಹತ್ತಿರದ ಅಣ್ಣಾಸಾಬನ ತೋಟದಲ್ಲಿ. ಮೊದಲ ವರ್ಷ ಅಲ್ಲಿ ಕೆಲಸ ಮುಗಿಸಿ ಹೊರಟಾಗ ಅಣ್ಣಾಸಾಬನ ತಾಯಿ ಕಸ್ತೂರೆವ್ವ ಅಡ್ಡ ಬಂದು ಗಾಡಿಯ ಕಡೆ ಕೈ ತೋರಿದಳು. "ಮನಿ ಮಾಲು ಉಳಿಸಿಕೊಟ್ಟಾಳ. ಇಕಿನ್ನ ಬರೇ ಉಡೀಲೆ ಹ್ಯಾಂಗ ಕಳಸೂದು?" ಎಂದು ಬ್ಯಾರಲ್ಲಿನಿಂದ ಟಾಕಿಯನ್ನು ತುಂಬಿಸಿ, ಅರಿಶಿನ ಕುಂಕುಮ ಹಚ್ಚಿ, ಜರಿಯಂಚಿನ ಒಂದು ಕುಪ್ಪಸದ ಖಣವನ್ನು ಟಾಕಿಯ ಕೊರಳಿಗೆ ಕಟ್ಟಿದಳು. ವಿರುಪಾಕ್ಷಪ್ಪನ ಕಣ್ಣು ತುಂಬಿ ಬಂತು. ಮುಂದಿನ ಶೆಡ್ಡಿನಲ್ಲಿ ಆ ಮಾತನ್ನು ಅವನೇ ಬಣ್ಣ ಕಟ್ಟಿ ಹೇಳಿದ. ಅವರೂ ಕಂಠಮಟ ತುಂಬಿಸಿದರು. ಏಳು ವರ್ಷದಲ್ಲಿ ಇದು ಹದಿನೆಂಟು ತೋಟಗಳ ಪದ್ಧತಿಯಾಗಿ, ಯಾರಾದರೂ ಒಂದು ಬೆರಳು ಕಡಿಮೆ ತುಂಬಿದರೆ ವಿರುಪಾಕ್ಷಪ್ಪನ ಮುಖ ಸಣ್ಣದಾಗುವ ಮಟ್ಟಕ್ಕೆ ಬಂತು. ಬೆನ್ನ ಮೇಲಿನ ಮೂರನೆಯ ನಿಯಮ ಆ ಏಳು ವರ್ಷವೂ ಸುಮ್ಮನೆ ಸವಾರಿ ಮಾಡಿತು.

ಈ ಸಲ ಮಾರ್ಚ್ ಎರಡನೆಯ ವಾರ ಮೂರು ದಿನ ಮೋಡ ಕಟ್ಟಿತು. ಗಾಡಿ ಅಣ್ಣಾಸಾಬನ ಶೆಡ್ಡಿನಲ್ಲಿ ಉರಿಯುತ್ತಿತ್ತು, ಅಲ್ಲಿನ ಕೆಲಸ ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಹತ್ತಕ್ಕೆ ಉಜ್ವಲಾಳ ಫೋನು ಬಂತು. ಕೊಕಟನೂರಿನ ಹೊರಗೆ ಅವಳ ಎರಡೆಕರೆ ದ್ರಾಕ್ಷಿ. ಮಾವ ಹಾಸಿಗೆ ಹಿಡಿದ ಮೇಲೆ ತೋಟವನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಹಣ್ಣನ್ನು ಹಸಿಯಾಗಿ ವ್ಯಾಪಾರಿಗೆ ಮಾರಿಬಿಡು ಎಂದು ಮನೆಯವರೆಲ್ಲ ಹೇಳಿದ್ದರೂ, ಒಣಗಿಸಿಯೇ ಮಾರುತ್ತೇನೆ ಎಂದು ಹಟ ಹಿಡಿದಿದ್ದಳು. ಅವಳ ಮೊದಲ ಮಾಲು ಅದು.

"ಕಾಕಾರ, ಹನ್ನೊಂದು ದಿನ ಆತ್ರಿ ಹಾಸಿ. ಕೆಳಗಿನ ಬಲಿ ಕೆಂಪಗಾಗಾಕತ್ತಾವ. ಮಧ್ಯಾಹ್ನ ಎರಡಕ್ಕರ ಬರ್ರಿ. ಇವತ್ತ ಗಾಳಿ ಹೊಡಿಲಿಲ್ಲಂದ್ರ ಮುಗೀತು. ಮುಂದಿನ ವರ್ಷ ತ್ವಾಟದ ಕೀಲಿ ನನ್ನ ಕೈಯಾಗ ಕೊಡಂಗಿಲ್ಲ ಯಾರೂ."

"ಒಂದೂವರೆಗೇ ಬಂದಿರ್ತೇನಿ ತಂಗಿ. ಚಹಾ ಇಡಾಕ ಹೇಳು."

ಮಾತು ಕೊಟ್ಟದ್ದೇ ಗಡಿಬಿಡಿ ಶುರುವಾಯಿತು. ಬರ್ನರ್ ಆರಿಸಿ ಕಾಲು ತಾಸಾಗಿರಲಿಲ್ಲ, ಹುಕ್ಕಿಗೆ ಸಿಕ್ಕಿಸಿದ. ಅಷ್ಟರಲ್ಲಿ ಕಸ್ತೂರೆವ್ವ ತಾಟು ಹಿಡಿದು ಬಂದಳು. ಬೇಡವೆನ್ನಲು ಬಾಯಿ ಬರಲಿಲ್ಲ. ತುಂಬಿಸಿದ್ದಾಯಿತು, ಕುಂಕುಮವಾಯಿತು. ಅವಸರದಲ್ಲಿ ಖಣವನ್ನು ಕೊರಳಿಗೆ ಕಟ್ಟುವ ಬದಲು ಅವನೇ ಅದರ ತುದಿಯನ್ನು ಟಾಕಿಯ ಬಾಯಿಗೆ ಇಟ್ಟು ಮೇಲೆ ಮುಚ್ಚಳ ತಿರುವಿದ. ಬಿಗಿಯಾಗಿ ಕೂತಿತೆಂದು ತಟ್ಟಿಯೂ ನೋಡಿದ.

"ಸಾವಕಾಶ ಹೋಗಪಾ ವಿರುಪಾಕ್ಷಿ," ಎಂದಳು ಮುದುಕಿ.

"ಆಯಿ, ಇದರ ಬೆನ್ನ ಮ್ಯಾಲ ಎಲ್ಲಾ ಬರಸೇನಿ, ಚಿಂತಿ ಮಾಡಬ್ಯಾಡ" ಎಂದು ಹೊರಟ.

ಹೊರಟು ಒಂದು ತಾಸಾದ ಮೇಲೆ, ಮೂರು ದಿನದಿಂದ ಬೇಡಿದರೂ ಬರದಿದ್ದ ಬಿಸಿಲು ಮೋಡ ಸರಿಸಿ ಚುರುಕ್ಕೆಂದು ಬಿತ್ತು. ತಂಪು ಬ್ಯಾರಲ್ಲಿನಿಂದ ತುಂಬಿದ ಡೀಸೆಲ್ ಆ ಬಿಸಿಲಿಗೂ ರಸ್ತೆಯ ಕುಲುಕಿಗೂ ಟಾಕಿಯಲ್ಲಿ ಏರತೊಡಗಿತು. ಇದು ಅವನಿಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಅವನು ಉಜ್ವಲಾಳ ಶೆಡ್ಡಿನ ಮುಂದೆ ತಾನು ಇಳಿಯುವ ಚಂದವನ್ನೇ ಕಲ್ಪಿಸಿಕೊಳ್ಳುತ್ತಿದ್ದ.

ಅಥಣಿ ಇನ್ನೂ ಎಂಟು ಕಿಲೋಮೀಟರ್ ಇರುವಾಗ ರಸ್ತೆ ತುಂಬ ಕುರಿ ಬಂದು ಗಾಡಿ ನಿಲ್ಲಿಸಬೇಕಾಯಿತು. ಮೇಯಿಸುತ್ತಿದ್ದವನು ಕಬ್ಬೂರಿನ ಮಾಳೇಶ, ನಲವತ್ತು ದಾಟಿದ ಆಸಾಮಿ. ಕುರಿಗಳು ಟ್ರ್ಯಾಕ್ಟರಿನ ಎರಡೂ ಬದಿಗೆ ಹರಿದು ಹಿಂದಕ್ಕೆ ಹೋದವು. ಅವುಗಳ ಹಿಂದೆಯೇ ಮಾಳೇಶನೂ ಹೋದ. ಸ್ವಲ್ಪ ಹೊತ್ತಿಗೆ ಹಿಂದಿನಿಂದ, ಒಂದೊಂದೇ ಅಕ್ಷರ ಕೂಡಿಸಿ ಓದುವ ದನಿ ಕೇಳಿಸಿತು.

"ಟಾಕಿ... ಕಂಠಮಟ... ತುಂಬಬಾರದು. ಮಾಮಾ, ಇದನ್ನ ಯಾರು ಬರಸ್ಯಾರ್ರಿ?"

"ನಾನ ಬರಸೇನಿ. ಯಾಕ?"

"ಯಾರ ಸಲುವಾಗಿ?"

"ಯಾರ ಸಲುವಾಗಿ ಅಂದ್ರ? ಎಲ್ಲಾರ ಸಲುವಾಗಿ."

"ಹಂಗಾರ ನೀವೂ ಒಮ್ಮಿ ಇಳದು ಓದಿ ಹೋಗ್ರಲಾ. ಇಲ್ಲಿ ಸೋರಿ ಹೊಂಟೈತಿ, ಹೊಗಿ ಬ್ಯಾರೆ ಏಳಾಕತ್ತೈತಿ."

ವಿರುಪಾಕ್ಷಪ್ಪ ಜಿಗಿದು ಹಿಂದೆ ಓಡಿದ. ಮುಚ್ಚಳದಡಿ ಸಿಕ್ಕಿದ್ದ ಖಣ ದೀಪದ ಬತ್ತಿಯಂತೆ ಡೀಸೆಲ್ ಹೀರಿ ತೊಯ್ದು ತೊಪ್ಪೆಯಾಗಿತ್ತು. ಅದರ ಜರಿಯಂಚಿನಿಂದ ಹನಿ ಹನಿಯಾಗಿ, ಇನ್ನೂ ಕಾದಿದ್ದ ಬರ್ನರಿನ ಹೊದಿಕೆಯ ಮೇಲೆ ಬೀಳುತ್ತಿತ್ತು. ಪ್ರತಿ ಹನಿಗೂ ಚುಂಯ್ ಎಂದು ಬಿಳಿ ಹೊಗೆ. ಮೂರು ಮೊಳ ದೂರದಲ್ಲಿ ಮಾಳೇಶ, ಐದನೆಯ ನಿಯಮ ಓದಲು ಕುತ್ತಿಗೆ ಚಾಚಿ ನಿಂತಿದ್ದ, ಬಾಯಲ್ಲಿ ಉರಿಯುವ ಬೀಡಿ.

"ಬೀಡಿ! ಲೇ ತಮ್ಮಾ, ಬೀಡಿ!"

"ತಗೋರಿ," ಎಂದು ಮಾಳೇಶ ಕಿವಿಯ ಮೇಲಿದ್ದ ಇನ್ನೊಂದನ್ನು ತೆಗೆದು ಮುಂದೆ ಚಾಚಿದ.

"ಸೇದಾಕ ಅಲ್ಲೋ! ದೂರ ಓಡು! ಕುರಿ ಹೊಡಿ!"

ಮಾಳೇಶನಿಗೆ ಅರ್ಥವಾದದ್ದೇ, ಅವನು ಬೀಡಿಯನ್ನು ಅಂಗೈಯಲ್ಲಿ ಮುಚ್ಚಿ ಕುರಿಗಳಿಗಿಂತ ಮುಂದೆ ಓಡಿದ. ವಿರುಪಾಕ್ಷಪ್ಪ ತಲೆಯ ಪಟಗ ಬಿಚ್ಚಿ ಕೈಗೆ ಸುತ್ತಿಕೊಂಡು ಖಣವನ್ನು ಕಿತ್ತೆಸೆದ. ಮುಚ್ಚಳ ಸರಿಯಾಗಿ ತಿರುವಿದ. ವಾಲ್ವ್ ಮುಟ್ಟಿ ನೋಡಿದರೆ ಅದೂ ತೆರೆದೇ ಇತ್ತು. ಅದನ್ನೂ ಮುಚ್ಚಿದ. ಹೊಗೆ ಒಂದು ಸಲ ದಟ್ಟವಾಗಿ ಎದ್ದಿತು, ತೆಳ್ಳಗಾಯಿತು, ನಿಂತಿತು.

ಆಗ ಅವನ ಎದುರಿಗೆ ಎರಡು ದಾರಿ. ಗಾಡಿ ಹಾಗೇ ಎಳೆದರೆ ಉಜ್ವಲಾಳಿಗೆ ಹೇಳಿದ ಹೊತ್ತಿಗೆ ಮುಟ್ಟಬಹುದು. ಆದರೆ ಮುಂದೆ ಅಥಣಿಯ ಸಂತೆಯ ದಿನದ ಜನ, ಬಸ್ಸು, ಶಾಲೆ. ಕಾದ ಬರ್ನರಿನ ಮೇಲೆ ತುಂಬಿ ತುಳುಕುವ ಟಾಕಿಯನ್ನು ಆ ಜನರ ನಡುವೆ ಒಯ್ಯಲು ಅರ್ಧ ಹುಬ್ಬಿನವನಿಗೂ ಧೈರ್ಯವಾಗಲಿಲ್ಲ. ತಣ್ಣಗಾಗಬೇಕು, ಟಾಕಿ ಇಳಿಸಬೇಕು. ಮೂರು ತಾಸು ಹೋಗುತ್ತದೆ.

ಫೋನು ಬಂತು. "ಎಲ್ಲಿದ್ದೀರಿ ಕಾಕಾರ?"

"ಅಥಣಿ ದಾಟೇನಿ ತಂಗಿ," ಎಂದು ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು. ಫೋನು ಇಟ್ಟ ಮೇಲೆ ರಸ್ತೆಬದಿಯ ಕಲ್ಲು ನೋಡಿದ: ಅಥಣಿ ೮. ಕಲ್ಲಿಗಿದ್ದಷ್ಟು ಸತ್ಯ ತನಗಿಲ್ಲವಲ್ಲ ಎನಿಸಿತು. ನಿಜ ಹೇಳಿದರೆ ಅವಳು ಬೇರೆ ಏನನ್ನಾದರೂ ಮಾಡಿಕೊಂಡಾಳು, ಸುಳ್ಳನ್ನು ನಂಬಿದರೆ ಚಹಾ ಇಟ್ಟುಕೊಂಡು ದಾರಿ ಕಾಯುತ್ತ ಕೂರುತ್ತಾಳೆ. ತಾನೇ ತಿರುಗಿ ಫೋನು ಮಾಡಿದ.

"ತಂಗಿ, ಸುಳ್ಳ ಹೇಳಿದ್ನಿ. ದಾಟಿಲ್ಲ. ಟಾಕಿ ಸೋರಿ ಉರಿ ಹತ್ತೂದಿತ್ತು, ತಪ್ಪು ನನ್ನದಽ. ನಾಕೂವರಿ ಆಗ್ತೈತಿ. ಅಲ್ಲಿತನಕ ಕೈಲೆ ಆಗೂದು ಮಾಡ್ಕೋರಿ."

ಶೆಡ್ಡಿನ ಪರದೆ ಕಟ್ಟಲು ಅವಳು ಅಲ್ಲಿಂದಲೇ ಯಾರಿಗೋ ಕೂಗಿ ಹೇಳಿದಳು. ಆಮೇಲೆ, "ನಿಮಗೇನೂ ಆಗಿಲ್ಲಲ್ರಿ?" ಎಂದಳು. ಬೈದಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮಾಳೇಶ ಬೀಡಿ ಆರಿಸಿ ಮರಳಿ ಬಂದ. ಇಬ್ಬರೂ ಕೂಡಿ ಟ್ರ್ಯಾಕ್ಟರಿನಲ್ಲಿದ್ದ ಎರಡು ಕ್ಯಾನುಗಳಿಗೆ ನಲವತ್ತು ಲೀಟರ್ ಇಳಿಸಿದರು. ಚೆಲ್ಲಿದ್ದರ ಮೇಲೆ ಮಣ್ಣು ಹಾಕಿದರು. ಬರ್ನರಿನ ಮೇಲೆ ಅಂಗೈ ಇಟ್ಟು ಹತ್ತು ಎಣಿಸಲು ಬರುವವರೆಗೆ ಕಾದರು. ನಡುನಡುವೆ ಮಾಳೇಶ, "ಎರಡನೇದು ಏನಿತ್ತು ಮಾಮಾ, ವಾಲ್ವ್ ಅಲ್ಲೇನ್ರಿ? ಅದನ್ನರ ಬಂದ್ ಮಾಡೀರಿ?" ಎಂದು ಪರೀಕ್ಷೆ ತೆಗೆದುಕೊಳ್ಳುತ್ತಿದ್ದ. ವಿರುಪಾಕ್ಷಪ್ಪ ಒಳ್ಳೆಯ ವಿದ್ಯಾರ್ಥಿಯಂತೆ ಉತ್ತರ ಹೇಳುತ್ತಿದ್ದ.

ಶೆಡ್ಡಿಗೆ ಮುಟ್ಟಿದಾಗ ನಾಲ್ಕು ಮುಕ್ಕಾಲು. ಉಜ್ವಲಾ ಮತ್ತು ಅವಳ ತೋಟದ ಆಳು ಸಕ್ಕುಬಾಯಿ ಸುಮ್ಮನೆ ಕೂತಿರಲಿಲ್ಲ. ಶೆಡ್ಡಿನ ಸುತ್ತಲಿನ ಪರದೆಗಳನ್ನು ಬಿಗಿಯಾಗಿ ಕಟ್ಟಿ, ಮನೆಯ ಮೂರೂ ಫ್ಯಾನುಗಳನ್ನು ತಂದಿಟ್ಟು, ಮೇಲಿನಿಂದ ಕೆಳಗಿನವರೆಗೆ ಬಲೆಗಳನ್ನು ಜಾಡಿಸಿ ಹಣ್ಣು ಬಿಡಿಸಿದ್ದರು. ಇಬ್ಬರ ಕೈಗಳೂ ದ್ರಾಕ್ಷಿ ರಸದಿಂದ ಅಂಟಂಟಾಗಿದ್ದವು. ವಿರುಪಾಕ್ಷಪ್ಪ ಬರ್ನರ್ ಹಚ್ಚಿದ. ಬಿಸಿಗಾಳಿ ಒಳಗೆ ನುಗ್ಗಿತು. ಎರಡು ದಿನ ಅವನು ಅಲ್ಲಿಂದ ಕದಲಲಿಲ್ಲ.

ಮೂರನೆಯ ದಿನ ಪರದೆ ಸರಿಸಿದರು. ಹನ್ನೊಂದು ಬಲೆಗಳಲ್ಲಿ ಒಂಬತ್ತರ ಹಣ್ಣು ಹಸಿರಾಗಿಯೇ ಒಣಗಿತ್ತು. ಕೆಳಗಿನ ಎರಡು ಬಲೆಗಳಲ್ಲಿ ಕಪ್ಪು ಬೆರೆತಿತ್ತು. ಉಜ್ವಲಾ ಒಂಬತ್ತನ್ನು ಒಂದು ಸಲ, ಎರಡನ್ನು ಬಹಳ ಸಲ ನೋಡಿದಳು.

"ಈ ಎರಡು ನನ್ನ ತಪ್ಪಿನ ಪಾಲು," ಎಂದ ವಿರುಪಾಕ್ಷಪ್ಪ. "ಹೊತ್ತಿಗೆ ಸರಿಯಾಗಿ ಬಂದಿದ್ರ ಇವೂ ಉಳೀತಿದ್ವು."

"ಬೆಂಕಿ ಹಚಗೊಂಡ ಬಂದಿದ್ರ ಶೆಡ್ಡಽ ಉಳೀತಿರಲಿಲ್ಲ ಬಿಡ್ರಿ," ಎಂದಳು ಉಜ್ವಲಾ. ಆಮೇಲೆ ಒಂದು ಬುಟ್ಟಿ ತಂದು ಅವನ ಮುಂದೆ ಇಟ್ಟಳು. "ಅಷ್ಟ ಜೀವಕ್ಕ ಹತ್ತಿದ್ರ ಕೂತು ಆರಿಸ್ರಿ. ಒಂಬತ್ತು ಬಲಿ ತಗೊಂಡು ಪ್ಯಾಟಿಗೆ ನಾನಽ ಹೋಗ್ತೇನಿ. ಈ ಎರಡರಾಗಿಂದ ಎಷ್ಟು ಹಸರು ತಗದ ಕೊಡ್ತೀರೋ ಕೊಡ್ರಿ."

ಕಾಳು ಆರಿಸಲು ಬಂದಿದ್ದ ಹೆಂಗಸರ ಸಾಲಿನ ಕೊನೆಯಲ್ಲಿ ಅವನು ಕಾಲು ಮಡಚಿ ಕುಳಿತ. ಬೆರಳು ದಪ್ಪ, ಕಣ್ಣು ಮಬ್ಬು. ಎಲ್ಲರೂ ಒಂದು ಬುಟ್ಟಿ ಮುಗಿಸುವಾಗ ಅವನದು ಅರ್ಧವೂ ಆಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಕ್ಕುಬಾಯಿ ಬಗ್ಗಿ ಅವನ ಕಪ್ಪಿನ ರಾಶಿಯೊಳಗೆ ಕೈಯಾಡಿಸಿದಳು.

"ಯಣ್ಣಾ, ಇದೇನು? ಛಲೋದ್ನೆಲ್ಲಾ ಕಪ್ಪಿನಾಗ ಹಾಕಾಕತ್ತೀರಿ! ಇದು ಹಸರು, ಇದೂ ಹಸರು. ಇಷ್ಟೆಲ್ಲಾ ನಿಮ್ಮ ಪಾಲಿಗೆ ಬರಕೋಬ್ಯಾಡ್ರಿ."

ವಿರುಪಾಕ್ಷಪ್ಪ ಆ ಕಾಳುಗಳನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದ. ಹೌದು, ಹಸಿರೇ. ಒಂದೊಂದಾಗಿ ತೆಗೆದು ಉಜ್ವಲಾಳ ಬುಟ್ಟಿಗೆ ಹಾಕಿದ.